ಮಗಳ ಆನರ್ಸೂ ನನ್ನ ನಾಲ್ಕು ಹುಳವೂ

ವ್ಯವಸಾಯದಲ್ಲಿ ಪರೀಕ್ಷೆ ಇಟ್ಟರೆ ನಮ್ಮನೆ ಎಮ್ಮೆ ಕೂಡ ಪಾಸಾಗುತ್ತದೆ ಎಂದು ನಾನು ಹೇಳಿದ್ದು ನಿಜ. ಹೇಳಿದ್ದು ಬೈರಾಪಟ್ಟಣದ ಟೀ ಅಂಗಡಿಯ ಮುಂದೆ, ಬೆಳಗಿನ ಹೊತ್ತು, ಅರ್ಧ ಊರು ಬೆಂಚಿನ ಮೇಲೆ ಕೂತಿದ್ದಾಗ. ಹೊಲದಲ್ಲಿ ಒಬ್ಬನೇ ಇದ್ದಾಗ ಹೇಳಿಕೊಂಡಿದ್ದರೆ ಇದನ್ನೆಲ್ಲ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ವಿಷಯ ಇಷ್ಟೇ. ನನ್ನ ಮಗಳು ರಕ್ಷಿತಾ ಪಿಯುಸಿ ಮುಗಿಸಿ, ಬಿ.ಎಸ್‌ಸಿ. ಆನರ್ಸ್ ಕೃಷಿಯನ್ನೇ ಓದುತ್ತೇನೆ ಎಂದು ಹಟ ಹಿಡಿದಳು. ನಾಲ್ಕು ವರ್ಷದ ಓದು, ಸೀಟು ಸಿಗುವುದು ಕಷ್ಟ. ಆದರೆ ರೈತರ ಮಕ್ಕಳಿಗೆಂದೇ ಒಂದಷ್ಟು ಸೀಟು ಎತ್ತಿಟ್ಟಿರುತ್ತಾರೆ. ಅದು ಬೇಕಾದವರು ಒಂದು ಪ್ರಾಯೋಗಿಕ ಪರೀಕ್ಷೆ ಕೊಡಬೇಕು. ಬೀಜ, ಗೊಬ್ಬರ, ಕಳೆ, ಸಲಕರಣೆ ಎಲ್ಲ ಮೇಜಿನ ಮೇಲೆ ಇಟ್ಟಿರುತ್ತಾರಂತೆ, ನೋಡಿ ಹೆಸರು ಬರೆಯಬೇಕಂತೆ. ತೊಟ್ಟಿಲಿಂದ ಇಳಿದವಳೇ ರೇಷ್ಮೆ ಹುಳದ ಮನೆಗೆ ಅಂಬೆಗಾಲಿಟ್ಟ ಹುಡುಗಿಗೆ ಇದೂ ಒಂದು ಪರೀಕ್ಷೆಯೇ ಎಂದು ನಾನು ನಕ್ಕೆ.

ಎದುರುಮನೆ ತಿಮ್ಮೇಗೌಡ ನಗಲಿಲ್ಲ. ಅವನಿಗೂ ನನಗೂ ಸ್ಲೇಟು ಬಳಪದ ಕಾಲದ ಸ್ನೇಹ, ಆದ್ದರಿಂದ ಮರ್ಯಾದೆಯ ಲೇವಾದೇವಿ ನಮ್ಮ ನಡುವೆ ಇಲ್ಲ.

“ಹುಳ ಮೇಯ್ಸದು, ರಾಗಿ ಬೆಳೆಯದು ಕಲಿಯಕೆ ನಾಕು ವರ್ಸ ಯಾಕ್ಲಾ ಪುಟ್ಟಸ್ವಾಮಿ? ಅದೇನದು ಆನರ್ಸು?” ಎಂದ.

ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳುವ ಅಭ್ಯಾಸವೂ ನನಗಿಲ್ಲ. ಮೂರು ವರ್ಷ ಓದಿದರೆ ಬರೀ ಬಿ.ಎಸ್‌ಸಿ., ಇನ್ನೂ ಒಂದು ವರ್ಷ ಓದಿದರೆ ಆನರ್ಸು ಎಂದೆ. ಆ ಇನ್ನೊಂದು ವರ್ಷದಲ್ಲಿ ಏನು ಹೇಳಿಕೊಡುತ್ತಾರೆ ಎಂದು ಅವನು ಮರುಪ್ರಶ್ನೆ ಹಾಕಿದ. ಎಮ್ಮೆಯ ಮಾತು ನನ್ನ ಬಾಯಿಂದ ಬಂದದ್ದು ಆಗ.

ನನ್ನ ಹೆಂಡತಿ ಜಯಮ್ಮನಿಗೂ ಅದೇ ಅನುಮಾನ. ಮನೆಯಲ್ಲಿ ಮಾಡುವ ಕೆಲಸವನ್ನೇ ಊರು ಬಿಟ್ಟು ಹೋಗಿ ಓದಬೇಕೇ ಎಂದು ಮಗಳನ್ನು ಕೇಳಿದಳು. ರಕ್ಷಿತಾ ಹೇಳಿದ್ದು ಒಂದೇ ಮಾತು. ಅವಳು ಒಂಬತ್ತನೇ ತರಗತಿಯಲ್ಲಿದ್ದಾಗ ನಮ್ಮ ಒಂದು ಬೆಳೆ ಹುಳವೆಲ್ಲ ಹಾಲುತೊಂಡೆ ರೋಗ ಬಂದು ಸತ್ತಿತ್ತು. ಯಾಕೆ ಸತ್ತವು ಎಂದು ಅವಳು ನನ್ನನ್ನು ಕೇಳಿದ್ದಳಂತೆ. ಯಾರದೋ ದೃಷ್ಟಿ ಬಿತ್ತು ಎಂದು ನಾನು ಹೇಳಿದ್ದೆನಂತೆ. “ಅವತ್ತಿಂದ ನಂಗೆ ಸಮಾಧಾನ ಆಗಿಲ್ಲ ಕಣವ್ವ. ಅದಕ್ಕೇ ಓದ್ಬೇಕು” ಎಂದಳು. ಜಯಮ್ಮ ಮತ್ತೆ ಆ ಮಾತು ಎತ್ತಲಿಲ್ಲ. ನನಗೆ ಮಾತ್ರ ಒಳಗೆ ಒಸಿ ಚುರುಕ್ ಎಂದಿತು. ಹೇಗಾದರೂ ಮಾಡಿ ಈ ಹುಡುಗಿಗೆ ಸೀಟು ಕೊಡಿಸಲೇಬೇಕು ಎಂದು ಆ ಕ್ಷಣವೇ ತೀರ್ಮಾನಿಸಿ, ತರಬೇತಿಯ ಸಂಪೂರ್ಣ ಜವಾಬ್ದಾರಿಯನ್ನು ನನ್ನ ಹೆಗಲಿಗೆ ಹಾಕಿಕೊಂಡೆ. ಯಾರೂ ಕೇಳಿರಲಿಲ್ಲ.

ಒಂದು ಭಾನುವಾರ ನಮ್ಮ ಜಗಲಿಯ ಮೇಲೆ ಅಣಕು ಪರೀಕ್ಷೆ ಏರ್ಪಾಡಾಯಿತು. ಹುಳ ಸಾಕುವ ದೊಡ್ಡ ಬಿದಿರು ತಟ್ಟೆಯಲ್ಲಿ ಮೂವತ್ತು ಪೊಟ್ಟಣ ಬಿಚ್ಚಿಟ್ಟು ನಂಬರು ಚೀಟಿ ಅಂಟಿಸಿದೆ. ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡೆ. ತಿಮ್ಮೇಗೌಡನನ್ನು ಪ್ರೇಕ್ಷಕನಾಗಿ ನಾನೇ ಕರೆದಿದ್ದೆ. ರಕ್ಷಿತಾ ಹತ್ತು ನಿಮಿಷದಲ್ಲಿ ಬರೆದು ಕೊಟ್ಟಳು. ನಾನು ಕೆಂಪು ಪೆನ್ನು ಹಿಡಿದು ತಿದ್ದಲು ಕೂತೆ, ನೋಡುತ್ತೇನೆ, ಒಂಬತ್ತು ತಪ್ಪು! ಸಾಮೆಯನ್ನು ನವಣೆ ಎಂದು ಬರೆದಿದ್ದಾಳೆ. ರೈತನ ಮಗಳಾಗಿ ಹೀಗೆ ಬರೆಯಲು ನಾಚಿಕೆಯಾಗಬೇಕು ಎಂದು ಬೀದಿಗೆಲ್ಲ ಕೇಳುವಂತೆ ಗದರಿದೆ.

ಜಯಮ್ಮ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು ತಟ್ಟೆ ನೋಡಿದಳು. ಒಂದು ಚಿಟಿಕೆ ಕಾಳು ತೆಗೆದು ಅಂಗೈಯಲ್ಲಿ ಉಜ್ಜಿದಳು.

“ಇದು ನವಣೇನೇ. ಮಗ ಸರ್ಯಾಗೇ ಬರ್ದೈತೆ” ಎಂದಳು.

ಅಲ್ಲಿಂದ ಒಂದೊಂದೇ ಪೊಟ್ಟಣದ ವಿಚಾರಣೆ ನಡೆಯಿತು. ಮೂವತ್ತು ವರ್ಷದಿಂದ ನಾನು ಬಿತ್ತಿದ್ದೇನೆ, ಕುಯ್ದಿದ್ದೇನೆ. ಆದರೆ ಬೀಜ ಕೇರಿ, ಆರಿಸಿ, ಬೂದಿ ಬೆರೆಸಿ ಎತ್ತಿಟ್ಟವಳು ಅವಳು. ಅವಳು ಕೊಟ್ಟದ್ದನ್ನು ಬಿತ್ತುವುದು ಮಾತ್ರ ನನ್ನ ಕೆಲಸವಾಗಿತ್ತು ಎಂಬುದು ನನಗೇ ಅವತ್ತು ತಿಳಿಯಿತು. ಗೊಬ್ಬರದ ಕಥೆ ಇನ್ನೂ ಕೆಟ್ಟದ್ದು. ನಾನು ಗೊಬ್ಬರ ಗುರುತಿಸುವುದು ಚೀಲದ ಬಣ್ಣ ನೋಡಿ. ಚೀಲವಿಲ್ಲದ ಗೊಬ್ಬರ ಪೊಟ್ಟಣದಲ್ಲಿ ಕೂತರೆ ಯಾವ ರೈತ ತಾನೆ ಏನು ಮಾಡುತ್ತಾನೆ? ಇಪ್ಪತ್ತೆರಡನೇ ಪೊಟ್ಟಣಕ್ಕೆ ನಾನು ಅಮೋನಿಯಂ ಸಲ್ಫೇಟ್ ಎಂದು ಬರೆದಿದ್ದೆ. ತಿಮ್ಮೇಗೌಡ ಒಂದು ಹರಳು ಎತ್ತಿ ನಾಲಿಗೆಗೆ ಇಟ್ಟುಕೊಂಡ.

“ಉಪ್ಪು ಕಣ್ಲಾ. ನಿಮ್ಮನೆ ಅಡುಗೆ ಉಪ್ಪು” ಎಂದ. ಆಮೇಲೆ ಎದ್ದು ನಿಂತು, “ತಡಿ, ಎಮ್ಮೇನೂ ಇಡ್ಕಬತ್ತೀನಿ. ಅದೂ ಒಂದ್ಸಲಿ ಬರೀಲಿ” ಎಂದ.

ಅಂತಿಮ ಫಲಿತಾಂಶ: ವಿದ್ಯಾರ್ಥಿನಿಗೆ ಒಂದೇ ತಪ್ಪು, ಪರೀಕ್ಷಕರಿಗೆ ಹತ್ತು.

ಇಷ್ಟಾದ ಮೇಲೆ ಸುಮ್ಮನಿರಬಹುದಿತ್ತು. ಆದರೆ ಕಳೆದ ಮಾನವನ್ನು ಎಲ್ಲಾದರೂ ಸಂಪಾದಿಸಬೇಕಲ್ಲ. ಪರೀಕ್ಷೆಗೆ ನಾನೇ ಕರೆದುಕೊಂಡು ಹೋಗುತ್ತೇನೆ ಎಂದು ಸಾರಿದೆ. ಆಗ ಗೊತ್ತಾಯಿತು, ಪರೀಕ್ಷೆಯ ದಿನವೂ ನಮ್ಮ ಹುಳ ಹಣ್ಣಾಗುವ ದಿನವೂ ಒಂದೇ. ಮರಿಹುಳ ತರುವ ದಿನ ಗೊತ್ತು ಮಾಡುವಾಗ ಕ್ಯಾಲೆಂಡರ್ ನೋಡು ಎಂದು ರಕ್ಷಿತಾ ಎರಡು ಸಲ ಹೇಳಿದ್ದಳು. ನಾನು ಕ್ಯಾಲೆಂಡರಿನಲ್ಲಿ ರಾಹುಕಾಲ ಮಾತ್ರ ನೋಡಿದ್ದೆ. ಹುಳ ಹಣ್ಣಾದರೆ, ಅಂದರೆ ಸೊಪ್ಪು ಬಿಟ್ಟು ಮೈ ಹೊಂಬಣ್ಣಕ್ಕೆ ತಿರುಗಿದರೆ, ಆ ಕೂಡಲೇ ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರು ತಟ್ಟಿಗೆ, ಬಿಡಬೇಕು. ಬಿಡದಿದ್ದರೆ ಸಿಕ್ಕಲ್ಲಿ ಗೂಡು ಕಟ್ಟುತ್ತದೆ. ಮನೆಯಲ್ಲಿರುವ ಕೈಯೆಲ್ಲ ಬೇಕಾಗುವ ದಿನ ಅದು. ನೀವು ಇರಿ, ಪರೀಕ್ಷೆಗೆ ನಾನು ಹೋಗಿಬರುತ್ತೇನೆ ಎಂದಳು ಜಯಮ್ಮ. ತಂದೆಯಾದವನ ಕರ್ತವ್ಯ ಎಂಬ ವಿಷಯದ ಮೇಲೆ ನಾನು ಒಂದು ಸಣ್ಣ ಭಾಷಣ ಮಾಡಿದೆ. ಅವಳು ನಾಲ್ಕು ಜನ ಹೆಣ್ಣಾಳುಗಳನ್ನು ಕರೆಸಿಕೊಂಡಳು.

ಹೊರಡುವ ಬೆಳಿಗ್ಗೆ ಹಾಲ್ ಟಿಕೆಟ್ ಇದ್ದ ಫೈಲನ್ನು ಮಗಳ ಕೈಯಿಂದ ಇಸಿದುಕೊಂಡು ನನ್ನ ಬ್ಯಾಗಿಗೆ ಹಾಕಿದೆ. ನಿನ್ನ ಹತ್ತಿರ ಇದ್ದರೆ ಎಲ್ಲಾದರೂ ಬಿಟ್ಟುಬಿಡುತ್ತೀಯ ಎಂದೆ. ದಾರಿಯಲ್ಲಿ ಕೊನೇ ಗಳಿಗೆಯ ಅಭ್ಯಾಸಕ್ಕೆಂದು ಮೂವತ್ತು ಪೊಟ್ಟಣವನ್ನೂ ಅದೇ ಬ್ಯಾಗಿಗೆ ತುಂಬಿದೆ. ಮೇಜಿನ ಮೇಲೆ ಹುಳ ಇಟ್ಟರೂ ಇಟ್ಟಾರು ಎಂದು ಹೊಳೆದು, ಚೆನ್ನಾಗಿ ಹಣ್ಣಾದ ನಾಲ್ಕು ಹುಳ ಆರಿಸಿ, ಪೇಪರಿನಲ್ಲಿ ಸಡಿಲವಾಗಿ ಸುತ್ತಿ, ಉಸಿರಾಡಲೆಂದು ತೂತು ಮಾಡಿ, ಅದನ್ನೂ ಇಟ್ಟೆ. ಹಣ್ಣು ಹುಳ ಒಂದು ಗಳಿಗೆಯೂ ಕಾಯುವುದಿಲ್ಲ ಎಂದು ಮೂವತ್ತು ವರ್ಷದಿಂದ ಊರಿಗೆಲ್ಲ ಹೇಳಿಕೊಂಡು ಬಂದವನು ನಾನೇ.

ಚನ್ನಪಟ್ಟಣದಲ್ಲಿ ರೈಲು ಹತ್ತಿದೆವು. ಜನವೋ ಜನ, ಬ್ಯಾಗು ಬಿಚ್ಚಲು ಜಾಗವೇ ಸಿಗಲಿಲ್ಲ. ಬೆಂಗಳೂರಿನಲ್ಲಿ ಇಳಿದು ಸಿಟಿ ಬಸ್ಸು ಹಿಡಿದು ಪರೀಕ್ಷೆಯ ಕಾಲೇಜು ಮುಟ್ಟುವ ಹೊತ್ತಿಗೆ ಮನೆ ಬಿಟ್ಟು ಮೂರು ಗಂಟೆಗೂ ಮೇಲಾಗಿತ್ತು. ಗೇಟಿನಲ್ಲಿ ಒಬ್ಬರು ಮೇಡಂ ಹಾಲ್ ಟಿಕೆಟ್ ನೋಡಿ ಒಳಗೆ ಬಿಡುತ್ತಿದ್ದರು. ನಾನು ಎದೆ ಸೆಟೆಸಿ ಫೈಲು ಬಿಚ್ಚಿದೆ.

ನಾಲ್ಕರಲ್ಲಿ ಮೂರು ಹುಳ ಬ್ಯಾಗಿನ ಮೂಲೆ ಹಿಡಿದಿದ್ದವು. ನಾಲ್ಕನೆಯದು ಫೈಲಿನೊಳಕ್ಕೆ ನುಗ್ಗಿತ್ತು. ಗೂಡು ಕಟ್ಟುವ ಮುಂಚೆ ಹುಳ ಒಂದು ಸಲ ಉಚ್ಚೆ ಹೊಯ್ಯುತ್ತದೆ. ಇದು ನಮ್ಮ ಮನೆಯ ಹುಳ, ಯಾವ ಶಾಸ್ತ್ರವನ್ನೂ ಬಿಟ್ಟಿರಲಿಲ್ಲ. ಮಗಳ ಫೋಟೋದ ಮೇಲೆ ಹೊಯ್ದು, ಶಾಯಿ ಕದಡಿ, ಅದರ ಮೇಲೆ ನೂಲು ಬಿಡಲು ಶುರುಮಾಡಿತ್ತು. ರಕ್ಷಿತಾಳ ಒಂದು ಕಿವಿ ಮಾತ್ರ ಕಾಣುತ್ತಿತ್ತು.

“ಏನ್ರೀ ಇದು?” ಎಂದರು ಮೇಡಂ.

ನಾನು ಹೇಳತೊಡಗಿದೆ. ನಮ್ಮ ಹಿಪ್ಪುನೇರಳೆ ತೋಟದಿಂದ ಹಿಡಿದು ಜಯಮ್ಮ ಕರೆಸಿದ ಆಳುಗಳವರೆಗೆ ಎಲ್ಲ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, ಮುಖ ಕಾಣದ ಹಾಲ್ ಟಿಕೆಟ್ಟಿಗೆ ಒಳಗೆ ಬಿಡಲು ಬರುವುದಿಲ್ಲ ಎಂದರು. ಹಿಂದೆ ಸಾಲು ಬೆಳೆಯುತ್ತಿತ್ತು, ಒಳಗೆ ಗಂಟೆ ಹೊಡೆಯಲು ಹತ್ತೇ ನಿಮಿಷ. ಆ ಹುಡುಗಿ ಒಂಬತ್ತನೇ ತರಗತಿಯಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದು ನನ್ನ ಒಂದು ಹುಳದಿಂದ ಹೋಯಿತಲ್ಲ ಎನಿಸಿತು. ತಪ್ಪು ನನ್ನದು ಮೇಡಂ, ಮಗುವಿನದಲ್ಲ, ಬೇಕಾದರೆ ನನ್ನನ್ನು ಇಲ್ಲೇ ನಿಲ್ಲಿಸಿಕೊಳ್ಳಿ ಎಂದು ಕೈ ಮುಗಿದೆ. ನನ್ನನ್ನು ನಿಲ್ಲಿಸಿಕೊಂಡು ಅವರೇನು ಮಾಡಬೇಕು ಎಂಬುದು ಆಗ ಹೊಳೆಯಲಿಲ್ಲ.

ರಕ್ಷಿತಾ ನನ್ನ ಪಕ್ಕದಿಂದ ಮುಂದೆ ಬಂದು, ಪೆನ್ನಿನ ಪೌಚಿನಿಂದ ಮಡಿಸಿದ ಹಾಳೆಯೊಂದನ್ನು ತೆಗೆದು ಕೊಟ್ಟಳು. ಇನ್ನೊಂದು ಹಾಲ್ ಟಿಕೆಟ್. ಎರಡು ಕಿವಿಯೂ ಇದ್ದವು.

“ಮೊದ್ಲೇ ಹೇಳದಲ್ವೇನವ್ವ?” ಎಂದೆ.

“ನೀನು ಮಾತಾಡಕೆ ಬುಟ್ರೆ ತಾನೆ ಅಪ್ಪ. ನೀನೇ ಕರ್ಕೊಂಡ್ ಹೋಗ್ತೀನಿ ಅಂದ್ಯಲ್ಲ, ಅವತ್ತೇ ಇನ್ನೊಂದ್ ಪ್ರಿಂಟ್ ತೆಗ್ಸಿಟ್ಕೊಂಡೆ” ಎಂದು ಒಳಗೆ ಹೋದಳು.

ನಾನು ಮರದ ಕೆಳಗೆ ಕೂತು, ಒಣಗಿದ ಕಡ್ಡಿ ಆಯ್ದು ಮೂರು ಹುಳಕ್ಕೆ ಜಾಗ ಮಾಡಿಕೊಟ್ಟೆ. ನಾಲ್ಕನೆಯದನ್ನು ಹಾಲ್ ಟಿಕೆಟ್ಟಿನಿಂದ ಎಬ್ಬಿಸಲು ಮನಸ್ಸು ಬರಲಿಲ್ಲ. ಜಯಮ್ಮನಿಗೆ ಫೋನ್ ಮಾಡಿದೆ. ಹುಳವೆಲ್ಲ ಆಗಲೇ ಚಂದ್ರಿಕೆ ಸೇರಿತ್ತಂತೆ. ನಾನಿಲ್ಲದೆ ಕಷ್ಟವಾಯಿತೇ ಎಂದು ಕೇಳಿದ್ದಕ್ಕೆ, ಯಾವತ್ತಿಗಿಂತ ಬೇಗ ಮುಗಿಯಿತು ಎಂದಳು.

ಮಗಳು ನಗುತ್ತಾ ಹೊರಗೆ ಬಂದಳು. ನವಣೆ ಇಟ್ಟಿದ್ದರಂತೆ.

“ಸಾಮೆ ಅಂತ ಬರೀಲಿಲ್ಲ ತಾನೆ?” ಎಂದೆ.

“ಅವ್ವ ಹೇಳ್ಕೊಟ್ಟಂಗೆ ಬರ್ದೆ” ಎಂದಳು.

ಸೀಟು ಸಿಕ್ಕಿತು. ನಮ್ಮ ಬೀದಿಯಿಂದ ಆನರ್ಸಿಗೆ ಹೋದವಳು ಇವಳೇ ಮೊದಲು. ಮೈಸೂರು ಪಾಕಿನ ಡಬ್ಬ ಹಿಡಿದು ನಾನು ಇಡೀ ಊರು ಸುತ್ತಿದೆ, ಕೆಲವು ಮನೆಗೆ ಮರೆತು ಎರಡು ಸಲ ಹೋದೆ. ತಿಮ್ಮೇಗೌಡ ಮಾತ್ರ ಮೈಸೂರು ಪಾಕು ತಿಂದು ಮುಗಿಸಿ, ನಾಲ್ಕು ವರ್ಷ ಯಾಕೆ ಎಂಬ ತನ್ನ ಪ್ರಶ್ನೆ ಹಾಗೇ ಇದೆ ಎಂದ.

ಅದಕ್ಕೆ ಉತ್ತರ ಬಂದದ್ದು ಮೊದಲ ರಜೆಯಲ್ಲಿ. ಬಂದವಳೇ ರಕ್ಷಿತಾ ಹುಳದ ಮನೆ ಹೊಕ್ಕು, ಹುಳ ಒತ್ತೊತ್ತಾಗಿವೆ, ಗಾಳಿ ಸಾಲದು ಎಂದಳು. ಕಾಲು ತೊಳೆಯದೆ ಒಳಗೆ ಬಂದೆನೆಂದು ನನ್ನನ್ನು ನನ್ನದೇ ಹುಳದ ಮನೆಯಿಂದ ಆಚೆ ಕಳಿಸಿದಳು. ನಾನು ಮುಖ ಊದಿಸಿಕೊಂಡು ಜಗಲಿಯಲ್ಲಿ ಕೂತಿದ್ದಾಗ ತಿಮ್ಮೇಗೌಡ ಬಂದ. ಕೈಯಲ್ಲಿ ಸೊಪ್ಪಿನೆಲೆ, ಅದರ ಮೇಲೆ ಮೂರು ಊದಿದ ಹುಳ.

“ಮಗ ಬಂದೈತಾ?” ಎಂದ.

ನಾನಿದ್ದೇನಲ್ಲ, ನನ್ನನ್ನು ಕೇಳು ಎಂದೆ.

“ನಿನ್ನ ಕೇಳುದ್ರೆ ದೃಷ್ಟಿ ಬಿತ್ತು ಅಂತೀಯ. ಅವಳ್ನ ಕರಿ” ಎಂದ.

ಅವಳು ಅಂಗಳದಲ್ಲೇ ನಿಂತು ನೋಡಿ, ಹಾಲುತೊಂಡೆ ಈಗಷ್ಟೇ ಶುರುವಾಗಿದೆ ಎಂದಳು. ಯಾವ ಹುಳ ಆರಿಸಿ ತೆಗೆಯಬೇಕು, ಸುಣ್ಣ ಎಷ್ಟು ಹಾಕಬೇಕು, ಆ ಕೈಯಲ್ಲಿ ಬೇರೆ ತಟ್ಟೆ ಯಾಕೆ ಮುಟ್ಟಬಾರದು ಎಂದು ಅರ್ಧ ಗಂಟೆ ಹೇಳಿದಳು. ಜನ್ಮದಲ್ಲಿ ಯಾರ ಮಾತೂ ಕೇಳದ ತಿಮ್ಮೇಗೌಡ ಚೀಟಿಯಲ್ಲಿ ಬರೆದುಕೊಂಡು ಹೋದ. ಅವನ ಆ ಬೆಳೆಯಲ್ಲಿ ಬಹುಪಾಲು ಹುಳ ಉಳಿದವು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಎದ್ದು ಹೋಗಿ ಕಾಲು ತೊಳೆದುಕೊಂಡು ಬಂದೆ.

ಹೊರಡುವ ದಿನ ಅವಳು ಆ ಹಳೆಯ ಹಾಲ್ ಟಿಕೆಟ್ಟನ್ನು, ಗೂಡು ಸಮೇತ, ಕೇಳಿ ತೆಗೆದುಕೊಂಡಳು. ಹಾಸ್ಟೆಲ್ಲಿನಲ್ಲಿ ಗೆಳತಿಯರಿಗೆ ತೋರಿಸಬೇಕಂತೆ.

“ಕಾಲೇಜಲ್ಲಿ ಎಲ್ರಿಗೂ ನೀನು ಗೊತ್ತು ಅಪ್ಪ” ಎಂದಳು.

ನಾನು ನೆಟ್ಟಗೆ ಕೂತೆ. “ಹೆಂಗವ್ವ?”

“ಹಾಲ್ ಟಿಕೆಟ್ ಮೇಲೆ ಹುಳ ಬುಟ್ಟೋರು ಅಂತ.”

ಮಾರನೆಯ ಬೆಳಿಗ್ಗೆಯೇ ಟೀ ಅಂಗಡಿಗೆ ಹೋಗಿ, ಆನರ್ಸ್ ಓದುವ ಕಾಲೇಜಿನಲ್ಲಿ ಇಡೀ ತರಗತಿಗೆ ನನ್ನ ಪರಿಚಯವಿದೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಅದು ಹೇಗೆ ಎಂದು ತಿಮ್ಮೇಗೌಡ ಕೇಳಿದ. ಎಮ್ಮೆಗೆ ಹುಲ್ಲು ಹಾಕಬೇಕು ಎಂದು ನಾನು ಎದ್ದು ಬಂದೆ.