ಒಣ ಬಂಗಡೆ ಮತ್ತು ಒಂದು ಹಟಮಾರಿ ಚಿಪ್

ಕಳ್ಳನ ಕಷ್ಟ ಏನೆಂಬುದು ಸ್ವಂತ ಮನೆಯಲ್ಲೇ ಕದ್ದವರಿಗೆ ಮಾತ್ರ ಗೊತ್ತು. ಹೊನ್ನಾವರದ ನಮ್ಮ ತಾರಸಿಯ ಮೇಲೆ ಹೆಂಡತಿ ಸರೋಜಾ ಒಣಗಲು ಹಾಕುವ ಬಂಗಡೆ ಮೀನು ದಿನಕ್ಕೊಂದರಂತೆ ಮಾಯವಾಗುತ್ತಿತ್ತು. ಕದಿಯುತ್ತಿದ್ದವನು ನಾನು. ಬಿಪಿ ಇದೆ, ಉಪ್ಪು ಮುಟ್ಟಬೇಡಿ ಎಂದು ಕುಮಟಾದ ಡಾಕ್ಟರರು ಹೇಳಿದ ದಿನದಿಂದ ನನ್ನ ನಾಲಿಗೆಗೆ ಉಪ್ಪು ಬಿಟ್ಟು ಬೇರೇನೂ ನೆನಪಿರಲಿಲ್ಲ. ಸರೋಜಾ ಪೇಟೆಗೆ ಹೋದ ಹೊತ್ತಿನಲ್ಲಿ ಹಿತ್ತಿಲ ಬಚ್ಚಲೊಲೆಯಲ್ಲಿ ಸುಟ್ಟು ತಿಂದು, ಬಾಯಿಗೆ ಏಲಕ್ಕಿ ಹಾಕಿಕೊಂಡು ಸಾಧುವಿನಂತೆ ಕೂರುತ್ತಿದ್ದೆ. ಅವಳು ಅನುಮಾನಪಟ್ಟದ್ದು ಪಕ್ಕದ ಮನೆಯ ದುರ್ಗಕ್ಕನ ಮೇಲೆ. “ಗೋಡೆ ದಾಟಿ ಬರೂಕೆ ಅವ್ಳಲ್ಲದೆ ಮತ್ಯಾರಿಗೆ ಆಗ್ತದೆ?” ಎಂದಳು. ಹದಿನೈದು ವರ್ಷ ಆ ಗೋಡೆ ದಾಟುತ್ತಿದ್ದ ಸಾರಿನ ಪಾತ್ರೆ ನಿಂತುಹೋಯಿತು. ನಿಜ ಹೇಳಲು ನಾಲ್ಕು ಸಲ ಬಾಯಿ ತೆರೆದೆ; ನಾಲ್ಕು ಸಲವೂ ಆಕಳಿಸಿ ಮುಚ್ಚಿದೆ.

ಕೊನೆಗೆ ಸರೋಜಾ ಕ್ಯಾಮೆರಾ ಹಾಕಿಸಿದಳು. ಭಟ್ಕಳದಿಂದ ಬಂದ ಜಾಫರ್ ಭಾಯಿ ತಾರಸಿಗೆ ಕೇಬಲ್ ಎಳೆದು, ಅದರ ಇನ್ನೊಂದು ತುದಿಯನ್ನು ಜಗಲಿಯಲ್ಲಿಟ್ಟ ಸಣ್ಣ ಡಬ್ಬಿಗೆ ಸಿಕ್ಕಿಸಿ, ಡಬ್ಬಿಯನ್ನು ಟಿವಿಗೆ ಜೋಡಿಸಿದ. “ಒಂದೇ ವೈರು ಸರ್. ಕರೆಂಟೂ ಇದ್ರಲ್ಲೇ ಹೋಗ್ತದೆ, ಚಿತ್ರನೂ ಇದ್ರಲ್ಲೇ ಬರ್ತದೆ.” “ಅಯ್ಯೋ, ಸುಟ್ಟುಹೋದ್ರೆ?” ಎಂದು ನಾನು ಬಹಳ ಆಸೆಯಿಂದ ಕೇಳಿದೆ. “ಎಂತದೂ ಆಗೂದಿಲ್ಲ. ಡಬ್ಬಿ ಒಳಗೆ ಒಂದು ಚಿಪ್ ಅದೆ. ಅದು ಮೊದ್ಲು ಸ್ವಲ್ಪೇ ಸ್ವಲ್ಪ ಕರೆಂಟ್ ಬಿಟ್ಟು, ಆ ತುದೀಲಿ ಇರೂದು ಯಾರು, ಎಷ್ಟು ಬೇಕು ಅಂತ ಕೇಳ್ತದೆ. ಸರಿ ಉತ್ತರ ಬಂದ್ರೆ ಮಾತ್ರ ಪೂರ್ತಿ ಕೊಡ್ತದೆ.” ನಮ್ಮ ಕಡೆ ಬಂದವರಿಗೆ ಮೊದಲು ಬೆಲ್ಲ, ನೀರು ಕೊಟ್ಟು, ಕುಡಿದ ಮೇಲೆ “ನೀವು ಯಾರ ಪೈಕಿ?” ಎಂದು ಕೇಳುವುದು ರೂಢಿ. ಈ ಚಿಪ್ ಯಾವ ಸೀಮೆಯದೋ, ಗುರುತು ಹೇಳದವರ ಬಾಯಿಗೆ ಹನಿ ನೀರೂ ಬಿಡದ ಜಾತಿ!

ಹೆದರಿ ಕಳ್ಳತನ ನಿಲ್ಲಿಸಿದೆ. ಅದೇ ತಪ್ಪಾಯಿತು. “ಕಂಡ್ರಾ? ಕ್ಯಾಮೆರಾ ಬಂದದ್ದೇ ದುರ್ಗಕ್ಕ ಬರೂದು ನಿಲ್ತು” ಎಂದಳು ಸರೋಜಾ. ಥೂ, ನಾನು ಕದ್ದರೂ ದುರ್ಗಕ್ಕ ಕಳ್ಳಿ, ಬಿಟ್ಟರೂ ಅವಳೇ ಕಳ್ಳಿ! ಆಗ ಹೊಳೆಯಿತು: ದುರ್ಗಕ್ಕ ಕಾಗಾಲದ ಮಗಳ ಮನೆಗೆ ಹೋದ ದಿನವೇ ಮೀನು ಮಾಯವಾದರೆ ಅವಳ ಮಾನ ಉಳಿಯುತ್ತದೆ. ಕ್ಯಾಮೆರಾ ಸತ್ತಿದ್ದರೆ ನನ್ನದೂ ಉಳಿಯುತ್ತದೆ. ವಿಘ್ನ ಕಳೆ ಎಂದು ಎಲ್ಲರೂ ಬೇಡುವ ಇಡಗುಂಜಿ ಗಣಪತಿಯ ಗುಡಿಗೆ ಹೋಗಿ, ನಾನೊಬ್ಬ ಸಣ್ಣದೊಂದು ವಿಘ್ನ ಬೇಡಿ ಬಂದೆ.

ದುರ್ಗಕ್ಕ ಕಾಗಾಲದ ಬಸ್ಸು ಹತ್ತಿದ ದಿನ, ಉಪ್ಪುಗಾಳಿಗೆ ತುಕ್ಕು ಹಿಡಿಯುವ ಬೀಗಗಳಿಗೆ ಹಾಕುವ ಕೊಬ್ಬರಿ ಎಣ್ಣೆಯನ್ನು ಡಬ್ಬಿಯಿಂದ ಕಿತ್ತ ಕೇಬಲಿನ ತುದಿಗೆ ಧಾರಾಳವಾಗಿ ಸುರಿದು ಮತ್ತೆ ಸಿಕ್ಕಿಸಿದೆ. ಬಾಯಿ ತುಂಬ ಎಣ್ಣೆ ಇದ್ದರೆ ಕ್ಯಾಮೆರಾ ಉತ್ತರ ಕೊಡುವುದು ಹೇಗೆ? ತಾರಸಿಗೆ ಹೋಗಿ ಎಲ್ಲಕ್ಕಿಂತ ದೊಡ್ಡ ಬಂಗಡೆ ಆರಿಸಿ, ಕ್ಯಾಮೆರಾದ ಮುಂದೆ ಆಡಿಸಿ, ವಿಜಯದ ಅಮಲಿನಲ್ಲಿ ನಾಲ್ಕು ಹೆಜ್ಜೆ ಕುಣಿದೂ ಬಿಟ್ಟೆ.

ಕೆಳಗಿಳಿದರೆ ಪೇಟೆಯಿಂದ ಆಗಲೇ ಬಂದಿದ್ದ ಸರೋಜಾ ಟಿವಿಯ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಬಡಪಾಯಿ ನನ್ನ ಕೈಯಲ್ಲಿ ಬಂಗಡೆ ಇನ್ನೂ ಇತ್ತು. ಮರುದಿನ ಜಾಫರ್ ಭಾಯಿ ಬಂದು ನೋಡಿ, “ಎಣ್ಣೆ ಹಾಕಿದ್ದು ಯಾರು ಸರ್? ಭಾರೀ ತಲೆ! ತುಕ್ಕು ಹಿಡಿಯೂಕೆ ಶುರುವಾಗಿತ್ತು. ಎಣ್ಣೆಗೆ ಕರೆಂಟ್ ನಿಲ್ಲೂದಿಲ್ಲ, ತುಕ್ಕು ನಿಲ್ತದೆ; ಇನ್ನು ಹಾಳಾಗೂದಿಲ್ಲ” ಎಂದು ನನ್ನ ಬೆನ್ನು ತಟ್ಟಿದ.

ಸಂಜೆ ದುರ್ಗಕ್ಕ ಊರಿಗೆ ಬಂದದ್ದೇ ಸರೋಜಾ ಅವಳನ್ನು ಕರೆತಂದು ಟಿವಿಯಲ್ಲಿ ಹಿಂದಿನ ದಿನದ ಚಿತ್ರ ಹಾಕಿದಳು. “ತಪ್ಪಾತು ದುರ್ಗಕ್ಕ” ಎಂದು ಅತ್ತೂ ಬಿಟ್ಟಳು. ದುರ್ಗಕ್ಕ ಅವಳ ಕಣ್ಣೊರೆಸಿ, “ನಂಗೆ ಮೊದ್ಲೇ ಗೊತ್ತಿತ್ತು ಮಾರಾಯ್ತಿ. ನಮ್ಮ ಅಡುಗೆಮನೆ ಕಿಟಕಿಗೆ ನಿಮ್ಮ ಬಚ್ಚಲೊಲೆ ಕಾಣ್ತದಲ್ಲ” ಎಂದಳು.

“ಮತ್ತೆ ಹೇಳೂಕೆ ಎಂತ ಆಗಿತ್ತು?”

“ಬಿಪಿ ಇದ್ದವ್ರು. ಮರ್ಯಾದಿ ಹೋದ್ರೆ ಇನ್ನೂ ಏರ್ತದೆ ಅಂತ ಸುಮ್ನಾದೆ.”

ನನ್ನ ಬಿಪಿಗಾಗಿ ಇಷ್ಟು ದಿನ ಕಳ್ಳಿ ಎನಿಸಿಕೊಂಡು ಕೂತಿದ್ದವಳ ಎದುರು ನಾನು ತಲೆತಗ್ಗಿಸಿ ಕೈಮುಗಿದೆ. ಟಿವಿಯಲ್ಲಿ ಮಾತ್ರ ಇನ್ನೂ ಕುಣಿಯುತ್ತಲೇ ಇದ್ದೆ.