ಮಾವನವರ ಎದೆ, ಮಗಳ ಕೋರೆಹಲ್ಲು

'ಅತ್ತೆಯವರ ದಬ್ಬಳದಿಂದ ಮಗಳ ಫಿಲಂ ಕಾಪಾಡದಿದ್ದರೆ ನಾನು ನಾನೇ ಅಲ್ಲ!' ಹೀಗೆಂದು ಸೋಮವಾರ ಡೈರಿಯಲ್ಲಿ ಬರೆದು, ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೆ. ಇವತ್ತು ಆ ಪುಟ ಹರಿದುಹಾಕೋಣ ಅನ್ನಿಸುತ್ತಿದೆ. ಆದರೆ ಅದರ ಬೆನ್ನಿಗೇ ಪುಳಿಯೋಗರೆ ಗೊಜ್ಜಿನ ಅಳತೆ ಇದೆಯಲ್ಲ!

ನಮ್ಮ ಅಲಮೇಲುವಿಗೆ ಹತ್ತು ತುಂಬಿ ಹನ್ನೊಂದು. ಮೇಲಿನ ಒಂದು ಕೋರೆಹಲ್ಲು ಇಳಿಯಲೇ ಇಲ್ಲ. ಹಾಲುಹಲ್ಲು ಮಾತ್ರ ಜಾಗ ಬಿಡದೆ ಕೂತಿದೆ. ಮಂಡ್ಯದ ಹಲ್ಲಿನ ಡಾಕ್ಟರು ವೆಂಕಟೇಶಮೂರ್ತಿ ಬಾಯೊಳಗೆ ಅಂಚೆಚೀಟಿಯಷ್ಟಗಲದ ಫಿಲಂ ಇಟ್ಟು ಎಕ್ಸ್‌ರೇ ತೆಗೆದರು. ಒಳಗಿನ ಹಲ್ಲು ಪಕ್ಕದ ಹಲ್ಲಿನ ಬೇರಿನ ಮೇಲೆ ಅಡ್ಡ ಮಲಗಿದಂತಿತ್ತು.

"ಒಸಡು ಕುಯ್ದು ಆ ಹಲ್ಲನ್ನೇ ತೆಗೀಬೇಕಾಗಬಹುದು. ಆದರೆ ಪುಟ್ಟ ಫಿಲಂ ಅಂದರೆ ಕಿಟಕಿಯಿಂದ ಬೀದಿ ನೋಡಿದ ಹಾಗೆ. ಬೆಂಗಳೂರಲ್ಲಿ ಇಡೀ ದವಡೆ ಒಂದೇ ಫಿಲಂನಲ್ಲಿ ತೆಗೀತಾರೆ, ಅದು ಮಹಡಿಯಿಂದ ನೋಡಿದ ಹಾಗೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡದೆ ನಾನು ಇಕ್ಕಳ ಮುಟ್ಟಲ್ಲ" ಎಂದರು.

ಸರಿ, ಬೆಂಗಳೂರಿಗೆ ಹೋಗಿ ಆ ಮಹಾಫಿಲಂ ತಂದೆವು. ಮಳವಳ್ಳಿಯ ನಮ್ಮ ಮನೆಗೆ ಬಂದಮೇಲೆ ಶುರುವಾಯಿತು ನನ್ನ ಕಾವಲು! ಏಕೆಂದರೆ ನಮ್ಮತ್ತೆ ಗೋದಮ್ಮನವರು ಎಕ್ಸ್‌ರೇ ಫಿಲಂ ಕಂಡರೆ ಬಿಡುವವರಲ್ಲ. ದಬ್ಬಳ ಕಾಯಿಸಿ, ಸಾಲಾಗಿ ತೂತು ಚುಚ್ಚಿ, ರಂಗೋಲಿ ಅಚ್ಚು ಮಾಡಿಬಿಡುತ್ತಾರೆ. ಐದು ವರ್ಷದ ಹಿಂದೆ ಮಾವನವರಿಗೆ ಕೆಮ್ಮು ಬಂದಿತ್ತು. ಕೆಮ್ಮು ಹೋಯಿತು, ಎದೆಯ ಫಿಲಂ ಉಳಿಯಿತು. ಈಗ ಪ್ರತಿ ಶುಕ್ರವಾರ ಜಗುಲಿಯ ಮೇಲೆ ಮಾವನವರು, ಜಗುಲಿಯ ಕೆಳಗೆ ಎಂಟು ದಳದ ಕಮಲವಾಗಿ ಅವರ ಎದೆ!

"ಫಿಲಂ ಎಲ್ಲಿಟ್ಟೆ?" ಎಂದರು ತಾಲ್ಲೂಕು ಕಚೇರಿಯಿಂದ ಬಂದ ನಮ್ಮ ಯಜಮಾನರು.

"ಹೇಳಲ್ಲ."

"ನನಗೂನಾ?"

"ನಿಮಗೆ ಗೊತ್ತಾದರೆ ನಿಮ್ಮಮ್ಮನಿಗೆ ಗೊತ್ತಾಗೋಕೆ ಒಂದು ಲೋಟ ಕಾಫಿ ಸಾಕು!"

ಟ್ರಂಕಿನಲ್ಲಿಟ್ಟೆ, ನಂಬಿಕೆ ಬರಲಿಲ್ಲ. ಹಾಸಿಗೆಯ ಕೆಳಗಿಟ್ಟೆ, ನಿದ್ದೆ ಬರಲಿಲ್ಲ. ಕೊನೆಗೆ ಅಟ್ಟದ ಮೇಲಿನ ಹಳೇ ಪಂಚಾಂಗಗಳ ಕಟ್ಟಿನೊಳಗೆ ತುರುಕಿದೆ. ಕಳೆದುಹೋದ ವರ್ಷದ ಪಂಚಾಂಗ ಯಾರು ತೆಗೆಯುತ್ತಾರೆ? ಭೇಷ್ ನನ್ನ ಬುದ್ಧಿಯೇ!

ಶುಕ್ರವಾರ ನಸುಕಿನಲ್ಲೇ ಎದ್ದು, ಕಟ್ಟಿನಿಂದ ಕಂದು ಲಕೋಟೆ ಎಳೆದುಕೊಂಡು, ಮಗಳ ಕೈಹಿಡಿದು ಮೊದಲ ಬಸ್ಸು ಹತ್ತಿದೆ. ಮಂಡ್ಯದಲ್ಲಿ ಡಾಕ್ಟರು ಫಿಲಂ ತೆಗೆದು ಬೆಳಕಿಗೆ ಹಿಡಿದರು. ಕನ್ನಡಕ ಒರೆಸಿಕೊಂಡರು. ಮತ್ತೆ ಹಿಡಿದರು.

"ತಾಯಿ, ನಿಮ್ಮ ಮಗಳ ಬಾಯಲ್ಲಿ ಎರಡು ಡಜನ್ ಪಕ್ಕೆಲುಬಿದೆ. ನಡುವೆ ಕಮಲ ಅರಳಿದೆ!"

ಅಯ್ಯೋ! ಮಾವನವರು ಮಂಡ್ಯಕ್ಕೆ ಬಂದುಬಿಟ್ಟಿದ್ದರು!

"ಅಮ್ಮಾ, ಆ ಅಚ್ಚಲ್ಲಿ ನಾನು ಡಾಕ್ಟರಾಟ ಆಡ್ತೀನಿ ಅಂತ ಅಜ್ಜಿ ಲಕೋಟೆಗೆ ಹಾಕಿ ಪಂಚಾಂಗದ ಕಟ್ಟಲ್ಲಿ ಬಚ್ಚಿಟ್ಟಿದ್ರು" ಎಂದಳು ಅಲಮೇಲು. ಒಂದು ಮನೆ, ಇಬ್ಬರು ಬುದ್ಧಿವಂತೆಯರು, ಒಂದೇ ಅಡಗುತಾಣ!

"ಹನ್ನೆರಡರವರೆಗೆ ಇರ್ತೀನಿ. ಆಮೇಲೆ ಇನ್ನು ಮುಂದಿನ ತಿಂಗಳೇ. ಅಷ್ಟರಲ್ಲಿ ಹಲ್ಲು ಇನ್ನೂ ವಾಲಬಹುದು" ಎಂದರು ಡಾಕ್ಟರು.

ಮಳವಳ್ಳಿಗೆ ಹೋಗಿ ಬರುವಷ್ಟರಲ್ಲಿ ಸಂಜೆಯಾಗುತ್ತದೆ. ಅಷ್ಟೇ ಅಲ್ಲ, ಅವತ್ತು ಶುಕ್ರವಾರ! ಅಚ್ಚು ಹುಡುಕುವ ಅತ್ತೆಯ ಕೈಗೆ ಮಗಳ ದವಡೆ ಸಿಕ್ಕಿರುತ್ತದೆ, ಒಲೆಯ ಮೇಲೆ ದಬ್ಬಳ ಕೆಂಪಗೆ ಕಾದಿರುತ್ತದೆ! ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

"ಏನಮ್ಮಾ, ಅಜ್ಜೀನ ಒಬ್ರನ್ನೇ ಬುಟ್ಟು ಬಂದಿದ್ದೀರಲ್ಲ!"

ತಲೆ ಎತ್ತಿದರೆ ನಮ್ಮೂರ ಬಸ್ಸಿನ ಕಂಡಕ್ಟರ್ ಚಿಕ್ಕಣ್ಣ. ಅವನ ಹಿಂದೆ, ಒಬ್ಬರೇ ಬಸ್ಸು ಹತ್ತಿ ಗೊತ್ತೇ ಇಲ್ಲದ ನಮ್ಮತ್ತೆ! ಎದೆಗವಚಿಕೊಂಡ ಮಡಿಪಂಚೆಯಲ್ಲಿ ಸುತ್ತಿದ ಕಂದು ಲಕೋಟೆ!

"ಮದ್ದೂರಲ್ಲಿ ಜನ ವಡೆ ತಿನ್ನಕ್ಕೆ ಇಳುದ್ರೆ, ಅಜ್ಜಮ್ಮ ಡ್ರೈವರ್ ತಾವ ಓಗಿ ತಾವೇ ಆರ್ನ್ ಒತ್ತುಬುಟ್ರು ಕಣಮ್ಮ!" ಎಂದ ಚಿಕ್ಕಣ್ಣ.

"ಮತ್ತೇನು? ಅಚ್ಚು ಹುಡುಕಿದರೆ ಮಗು ದವಡೆ ಸಿಕ್ಕಿತು. ಮಗು ಹಲ್ಲು ಮುಖ್ಯವೋ, ಇವರ ವಡೆ ಮುಖ್ಯವೋ?" ಎಂದರು ಅತ್ತೆ.

ಡಾಕ್ಟರು ದೊಡ್ಡದು, ಪುಟ್ಟದು ಎರಡನ್ನೂ ಪಕ್ಕಪಕ್ಕ ಹಿಡಿದು ಬಹಳ ಹೊತ್ತು ನೋಡಿದರು.

"ದೊಡ್ಡದರಲ್ಲಿ ಹಲ್ಲು ಅಡ್ಡ ಮಲಗಿಲ್ಲ, ತಲೆ ಕೆಳಗೆ ಮಾಡಿ ಇಳೀತಾ ಇದೆ. ಪಕ್ಕದ ಬೇರು ಸವೆದಿಲ್ಲ ಅನ್ನೋದು ಪುಟ್ಟದರಲ್ಲೇ ಸ್ಪಷ್ಟ. ಕುಯ್ಯೋದು ಬೇಡ. ಹಾಲುಹಲ್ಲು ಕಿತ್ತು ದಾರಿ ಬಿಟ್ಟು ನೋಡೋಣ."

ಹಾಲುಹಲ್ಲು ಕಿತ್ತಾಗ ಅಲಮೇಲು ಅತ್ತಿದ್ದು ಎರಡು ನಿಮಿಷ, ವಾಪಸು ಬಸ್ಸಿನಲ್ಲಿ ನಾನು ಅತ್ತಿದ್ದು ಮದ್ದೂರಿನವರೆಗೆ. "ಅತ್ತೆ, ನಿಮ್ಮ ಕೈಗೆ ಸಿಗಬಾರದು ಅಂತ ಬಚ್ಚಿಟ್ಟೆ. ನಿಮ್ಮ ಕೈಯೇ ಇವಳನ್ನ ಕಾಪಾಡ್ತು" ಎಂದೆ.

"ಸಾಕು, ಆ ದೊಡ್ಡ ಮಾತು ಡೈರಿಗಿರಲಿ. ಹಲ್ಲು ಬಂದಮೇಲೆ ಆ ಫಿಲಂ ನನಗೆ ಕೊಡು. ನಿಮ್ಮ ಮಾವನ ಎದೆ ತೂತೆಲ್ಲ ಹರಿದುಹೋಗಿದೆ."

ಸಂಜೆ ಅತ್ತೆಯ ಉಪಕಾರ ಬರೆದಿಡೋಣವೆಂದು ಹುಡುಕಿದರೆ ಡೈರಿಯೇ ಇಲ್ಲ!

"ಪಂಚಾಂಗದ ಕಟ್ಟಲ್ಲಿ ನೋಡು, ನೀನೇ ಫಿಲಂ ಜೊತೆ ತುರುಕಿದ್ದೆ" ಎಂದು ಅಡುಗೆಮನೆಯಿಂದ ಅತ್ತೆಯ ದನಿ ಬಂತು. "ಆ ಎರಡು ಗೆರೆ ಎಳೆದಿರೋ ಪುಟದ ಹಿಂದೆ ಗೊಜ್ಜಿಗೆ ಮೆಂತ್ಯ ಎರಡು ಚಮಚ ಅಂತ ಬರೆದಿದ್ದೀಯಲ್ಲೇ, ಒಂದು ಸಾಕು. ತಿದ್ದಿದ್ದೀನಿ!"