ಎರಡು ಸ್ಟ್ರೋಕೋ, ನಾಲ್ಕು ಸ್ಟ್ರೋಕೋ?

ನಮ್ಮ ದೊಡ್ಡಪ್ಪನ ಹತ್ತಿರ ದೋಣಿ ಇದೆ, ಹೊಳೆ ಇಲ್ಲ!

ಊರಿನ ಹೆಸರು ಹೊಳಲು ಅಂತಿರುವುದರಿಂದ ಅಲ್ಲೊಂದು ಹೊಳೆಯೂ ಇರಬಹುದು ಅಂತ ಮೋಸ ಹೋಗಬೇಡಿ. ಅಲ್ಲಿರುವುದು ಕಬ್ಬು, ಭತ್ತ, ನಾಲೆ ಮತ್ತು ನಮ್ಮ ದೊಡ್ಡಪ್ಪ. ನಾಲೆಯಲ್ಲಿ ದೋಣಿ ಬಿಟ್ಟರೆ ನಾಲೆ ಕಾಯುವ ನೀರುಗಂಟಿ ಊರೆಲ್ಲ ಕೇಳುವಂತೆ ಬೈಯುತ್ತಾನೆ. ಹಾಗಾಗಿ ದೋಣಿ ಕೊಟ್ಟಿಗೆಯಲ್ಲಿತ್ತು, ಎಮ್ಮೆಯ ಪಕ್ಕದಲ್ಲಿ. ಅದರೊಳಗೆ ಒಂದು ನಾಟಿ ಕೋಳಿ ಮೊಟ್ಟೆಯಿಟ್ಟು, ಕಾವಿಗೆ ಕೂತು, ಮರಿ ಮಾಡಿ, ಆ ಮರಿಗಳು ಬೆಳೆದು ಸಾರೂ ಆದವು. ದೋಣಿ ಮಾತ್ರ ನೀರು ಕಾಣಲಿಲ್ಲ. ಯಾಕೆಂದರೆ ಅದಕ್ಕೆ ಯಾವ ಮೋಟಾರು ಹಾಕಬೇಕು ಅಂತ ದೊಡ್ಡಪ್ಪನಿಗೆ ತೀರ್ಮಾನವೇ ಆಗುತ್ತಿರಲಿಲ್ಲ. ಟೂ ಸ್ಟ್ರೋಕೋ, ಫೋರ್ ಸ್ಟ್ರೋಕೋ?

ನಾನು ಮಂಡ್ಯದಲ್ಲಿ ವಿಮೆ ಏಜೆಂಟು. ಜನರ ಮನೆಯಲ್ಲಿ ಕೂತು, ಅವರದೇ ಕಾಫಿ ಕುಡಿಯುತ್ತಾ, ಅವರ ಸಾವಿನ ವಿಚಾರವನ್ನೇ ನಗುನಗುತ್ತಾ ಹೇಳಿ ಸಹಿ ಹಾಕಿಸಿಕೊಂಡು ಬರುವ ಕೆಲಸ. ಮಾತೇ ನನ್ನ ಹೊಟ್ಟೆಪಾಡು. ಅಂಥ ನಾನೂ ಈ ಮನುಷ್ಯನ ಮುಂದೆ ಕೈಚೆಲ್ಲಿ ಕೂತೆ ಅಂದರೆ ಊಹಿಸಿಕೊಳ್ಳಿ! ನನ್ನ ಸ್ಕೂಟರಿನ ಹಿಂದಿನ ಸೀಟನ್ನು ಅವನಿಗೆ ಬರೆದುಕೊಟ್ಟ ಹಾಗೆ ಆಗಿಹೋಗಿತ್ತು.

ದೋಣಿ ಬಂದದ್ದು ಶೋಕಿಗಲ್ಲ, ದೊಡ್ಡಮ್ಮನಿಗಾಗಿ. ದೊಡ್ಡಮ್ಮನ ತವರು ಮಳವಳ್ಳಿಯಿಂದಾಚೆ, ಕಾವೇರಿಯ ಆ ದಡದಲ್ಲಿ. ಮದುವೆಯಾಗಿ ತೆಪ್ಪದಲ್ಲಿ ಹೊಳೆ ದಾಟಿ ಬಂದವಳು. ಅವಳ ಗಂಟಲಿನ ವಿಚಾರ ಕೇಳಬೇಡಿ, ಹೊಳಲಿನಲ್ಲಿ ನಿಂತು ಎಮ್ಮೆಯನ್ನು ಕೂಗಿದರೆ ಮದ್ದೂರಿನಲ್ಲಿ ಬಸ್ಸು ನಿಲ್ಲುತ್ತಿತ್ತು! ಅದಕ್ಕೆ ತಕ್ಕ ಗಂಡ ನಮ್ಮ ದೊಡ್ಡಪ್ಪ. ವಯಸ್ಸಿನಲ್ಲೆಲ್ಲ ಆಲೆಮನೆಯ ಗಾಣದ ಇಂಜಿನ್ನಿನ ಪಕ್ಕ ನಿಂತೂ ನಿಂತೂ ಅವನ ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿ ಅರ್ಧ ಉಳಿದಿತ್ತು. ಬೇರೆಯವರ ಮಾತು ಕೇಳಿಸದಿದ್ದರೂ ಅವಳ ಮಾತು ಕೇಳಿಸುತ್ತಿತ್ತು. ದೇವರು ಅಳತೆ ತೆಗೆದುಕೊಂಡೇ ಮಾಡಿದ ಜೋಡಿ ಅಂತ ನಾವೆಲ್ಲ ನಗುತ್ತಿದ್ದೆವು.

ಆ ಗಂಟಲಿಗೇ ಏಟು ಬಿತ್ತು. ಒಂದು ಮಧ್ಯಾಹ್ನ ಒಲೆ ಮುಂದೆ ಮುದ್ದೆ ತಿರುವುತ್ತಿದ್ದವಳು ಹಾಗೇ ಪಕ್ಕಕ್ಕೆ ವಾಲಿದಳು. ಹಿಂದಿನವರ ಬಾಯಲ್ಲಿ ಲಕ್ವ, ಈಗಿನವರ ಬಾಯಲ್ಲಿ ಸ್ಟ್ರೋಕು. ಬಲಗೈ, ಬಲಗಾಲು ಸೆಟೆದುಕೊಂಡವು. ದನಿ ಪಿಸುಮಾತಿಗೆ ಇಳಿಯಿತು. ಇನ್ನೊಂದು ಬಂದರೆ ಕಷ್ಟ ಅಂತ ಡಾಕ್ಟರು ಎಚ್ಚರಿಸಿ ಕಳಿಸಿದರು.

ಮನೆಗೆ ಬಂದ ದೊಡ್ಡಮ್ಮ ಕೇಳಿದ್ದು ಒಂದೇ. "ಒಂದ್ಸಲ ಒಳೆ ಮೇಲೆ ನಮ್ಮೂರಿಗೆ ಓಗ್ಬೇಕು."

"ಸೇತುವೆ ಮೇಲೆ ಕಾರಲ್ಲೇ ಕರ್ಕೊಂಡು ಹೋಗ್ತೀನಿ ದೊಡ್ಡಮ್ಮ, ಮಲಗಿಕೊಂಡೇ ಹೋಗಬಹುದು" ಅಂದೆ.

"ಒಳೆ ಮೇಲೆ ಬಂದೋಳು ಕಣ್ಲಾ ನಾನು. ಒಳೆ ಮೇಲೇ ಓಯ್ತೀನಿ." ಕಿವಿಯನ್ನು ಅವಳ ಬಾಯಿಯ ಹತ್ತಿರ ಇಟ್ಟಿದ್ದರಿಂದ ಇಷ್ಟಾದರೂ ಕೇಳಿಸಿತು. ಗಟ್ಟಿತನ ಮಾತ್ರ ಹಳೆಯದೇ.

ಮೊದಲು ಕಾವೇರಿ ದಡದ ಮುತ್ತತ್ತಿಗೆ ಹೋಗಿ ತೆಪ್ಪ ಹತ್ತಿಸಿ ನೋಡಿದೆವು. ತೆಪ್ಪದಲ್ಲಿ ಕಾಲು ಮಡಿಸಿ ಕುಕ್ಕರುಗಾಲಲ್ಲಿ ಕೂರಬೇಕಲ್ಲ? ದೊಡ್ಡಮ್ಮನ ಬಲಗಾಲು ತೆಪ್ಪದ ಅಂಚಿನಿಂದಾಚೆಗೆ ನೆಟ್ಟಗೆ ಚಾಚಿಕೊಂಡಿತು. ತೆಪ್ಪ ಆ ಕಡೆಗೇ ವಾಲಿ ಗಿರಗಿರ ತಿರುಗಿತು.

"ಅಮ್ಮೋರಿಗೆ ಕಾಲು ಮಡಿಸ್ಕೊಳಾಕೆ ಯೋಳಿ ಯಜಮಾನ್ರೇ" ಅಂದ ತೆಪ್ಪದವನು.

"ಮಡಿಸಂಗಿದ್ರೆ ನೆಡ್ಕೊಂಡೇ ಓಗಿರೋಳು ಕಣ್ಲಾ, ನಿನ್ಯಾಕ್ಲಾ ಕೇಳಿರೋಳು!" ಅಂದ ದೊಡ್ಡಪ್ಪ. ಹೊಳೆಯ ಮೇಲೆ ನಡೆದುಕೊಂಡೇ ಹೋಗುವ ಹೆಂಗಸನ್ನು ತೆಪ್ಪದವನು ಮೊದಲ ಸಲ ನೋಡುತ್ತಿದ್ದ. ಇತ್ತ ದಡದಲ್ಲಿ ಕೋತಿಗಳು ನಮ್ಮ ಚಿತ್ರಾನ್ನದ ಬುತ್ತಿಯನ್ನೂ ದೊಡ್ಡಪ್ಪನ ಕನ್ನಡಕವನ್ನೂ ಹಂಚಿಕೊಂಡವು. ಇದೇ ಮುತ್ತತ್ತಿಯಲ್ಲಿ ಸೀತಮ್ಮನಿಗೆ ಹೊಳೆಯಿಂದ ಮುತ್ತು ಎತ್ತಿಕೊಟ್ಟ ಆಂಜನೇಯ ನಮಗೆ ತನ್ನ ಸೈನ್ಯವನ್ನು ಕಳಿಸಿದ್ದ. ದೊಡ್ಡಮ್ಮನನ್ನು ಇಬ್ಬರು ಎತ್ತಿಕೊಂಡು ದಡಕ್ಕೆ ತಂದರು. ಅವಳು ಹೊಳೆಯ ಕಡೆಗೇ ಮುಖ ಮಾಡಿಕೊಂಡಿದ್ದಳು.

ಅಂದೇ ದೊಡ್ಡಪ್ಪ ತೀರ್ಮಾನ ಮಾಡಿದ, ಕುರ್ಚಿ ಹಾಕುವಂಥ ದೋಣಿ ಬೇಕು. ಮಳವಳ್ಳಿ ಹತ್ತಿರ ಬಾಗಿಲು ಹಾಕಿದ್ದ ಒಂದು ರೆಸಾರ್ಟಿನಿಂದ ಫೈಬರ್ ದೋಣಿ ಬಂತು. ದೊಡ್ಡಮ್ಮನ ತವರಿಗೆ ಎದುರಾದ ಕಡವಿನಲ್ಲಿ ದೋಣಿ ಬಿಡಲು ಅಪ್ಪಣೆಯೂ ಬಂತು. ಹುಟ್ಟು ಹಾಕಲು ದೊಡ್ಡಪ್ಪನ ರಟ್ಟೆಯಲ್ಲಿ ಕಸುವಿರಲಿಲ್ಲ, ಆದ್ದರಿಂದ ಮೋಟಾರು ಬೇಕು. ಇಲ್ಲಿಂದ ನನ್ನ ಶನಿಕಾಟ ಶುರುವಾಯಿತು.

ಮಂಡ್ಯದ ಹೋಟೆಲಿನಲ್ಲಿ ಕೂತು ಕೇಳಿದರೆ ಎಲ್ಲರೂ ಪಂಡಿತರೇ! ಜೀವಮಾನದಲ್ಲಿ ಬಕೆಟ್ಟಿಗಿಂತ ಹೆಚ್ಚು ನೀರು ಕಾಣದವರೂ ದೋಣಿ ಮೋಟಾರಿನ ಮೇಲೆ ಭಾಷಣ ಮಾಡಿದರು. ಟೂ ಸ್ಟ್ರೋಕು ಹಗುರ, ಒಬ್ಬನೇ ಹೆಗಲ ಮೇಲೆ ಹೊರಬಹುದು, ಕೆಟ್ಟರೆ ಯಾವ ಮೆಕ್ಯಾನಿಕ್ಕಾದರೂ ಬಿಚ್ಚುತ್ತಾನೆ, ಆದರೆ ಪೆಟ್ರೋಲಿಗೆ ಆಯಿಲು ಬೆರೆಸಬೇಕು, ಹೊಗೆ, ಸದ್ದು. ಫೋರ್ ಸ್ಟ್ರೋಕು ಮೆತ್ತಗೆ ಓಡುತ್ತದೆ, ಆದರೆ ಭಾರ, ಎತ್ತುವುದಕ್ಕೆ ಆಳು ಬೇಕು. ಇಷ್ಟು ತಿಳಿದುಕೊಳ್ಳಲು ಒಂದು ಕಾಫಿ ಸಾಕು. ದೊಡ್ಡಪ್ಪ ಒಂದು ಮಳೆಗಾಲ ತೆಗೆದುಕೊಂಡ, ಆಮೇಲೆ ಇನ್ನೊಂದು.

ಈ ನಡುವೆ ಒಂದು ಅನಾಹುತ ನಡೆಯಿತು. ಮದ್ದೂರಿನ ಕೆರೆ ಮೀನಿನ ಕಂಟ್ರಾಕ್ಟರಿಗೆ ದೊಡ್ಡಪ್ಪ ಜಗಲಿ ಮೇಲೆ ನಿಂತು ಫೋನು ಮಾಡಿದ. ಕಿವಿ ಕೇಳಿಸದವರು ಎದುರಿಗಿರುವವನೂ ಕಿವುಡ ಅಂದುಕೊಂಡೇ ಮಾತಾಡುತ್ತಾರೆ. "ಎರಡು ಸ್ಟ್ರೋಕಾದ್ರೆ ಎಷ್ಟು ದಿನ ತಡೀತದೆ? ಆಂ? ನಾಕಾದ್ರೆ?" ಅಂತ ಅವನು ಕಿರುಚುತ್ತಿದ್ದಾಗ ಹುಲ್ಲಿನ ಹೊರೆ ಹೊತ್ತ ಪಕ್ಕದ ಮನೆಯಾಕೆ ಬೀದಿಯಲ್ಲಿ ಹೋಗುತ್ತಿದ್ದಳು. ಹೊರೆ ಅಲ್ಲೇ ಬಿತ್ತು, ದೊಡ್ಡಪ್ಪನಿಗೂ ಸ್ಟ್ರೋಕಂತೆ ಅಂತ ಸುದ್ದಿ ಎದ್ದಿತು!

ಬೆಳಿಗ್ಗೆ ನೋಡಿದರೆ ಮನೆ ಮುಂದೆ ನೆಂಟರೋ ನೆಂಟರು. ಎಳನೀರು, ಬಾಳೆಹಣ್ಣು, ಬನ್ನು. ದೊಡ್ಡಪ್ಪನ ತಂಗಿ, ಅಂದರೆ ನನ್ನ ಸೋದರತ್ತೆ, ಮದ್ದೂರಿನಿಂದ ಮೊದಲ ಬಸ್ಸಿಗೇ ಬಂದು ಸೆರಗಲ್ಲಿ ಕಣ್ಣೊರೆಸಿಕೊಂಡು ಕೂತಿದ್ದಳು. ಮೊದಲೇ ಸ್ಟ್ರೋಕು ಹೊಕ್ಕ ಮನೆ, ನಂಬದೆ ಇನ್ನೇನು ಮಾಡಿಯಾರು?

"ಅಣ್ಣಯ್ಯ, ಎಷ್ಟು ಸ್ಟ್ರೋಕು?" ಅಂದಳು ಅತ್ತೆ.

"ಎರಡಾ ನಾಕಾ ಅಂತ ಇನ್ನೂ ನೋಡ್ತಾವ್ನಿ ಕಣವ್ವ. ಎಲ್ರೂ ನಾಕೇ ಒಳ್ಳೇದು ಅಂತಾರೆ."

"ಅಯ್ಯೋ ಸಿವನೇ! ನಾಕು ಒಳ್ಳೇದಾ?"

"ಊಂ ಮತ್ತೆ! ಎರಡಾದ್ರೆ ಒಂದೇ ಸಮ ಒದರ್ತದೆ, ನಡುಗ್ತದೆ, ಒಗೆ ಬುಡ್ತದೆ. ನಾಕಾದ್ರೆ ಸದ್ದಿಲ್ದಂಗೆ ಓಯ್ತದೆ."

ಅತ್ತೆ 'ನನ್ನಣ್ಣಯ್ಯೋ' ಅಂತ ರಾಗ ತೆಗೆದಳು. ಬಂದವರೆಲ್ಲ ಸೇರಿಕೊಂಡರು. ದೊಡ್ಡಪ್ಪ ಗಾಬರಿಯಾಗಿ "ಯಾಕ್ಲಾ, ಯಾರ್ಗೇನಾಯ್ತು?" ಅಂತ ನನ್ನನ್ನು ಕೇಳಿದ. ನಾನು ಹಣೆ ಚಚ್ಚಿಕೊಂಡು, ಎಲ್ಲರನ್ನೂ ಕೊಟ್ಟಿಗೆಗೆ ಕರೆದುಕೊಂಡು ಹೋಗಿ ದೋಣಿ ತೋರಿಸಬೇಕಾಯಿತು. ಒಳಗೆ ಮಂಚದ ಮೇಲೆ ದೊಡ್ಡಮ್ಮ ನಗುತ್ತಿದ್ದಳು, ಸೊಟ್ಟಗಾದ ಬಾಯಲ್ಲಿ, ಸದ್ದಿಲ್ಲದೆ, ಕಣ್ಣಲ್ಲಿ ನೀರು ಬರುವಷ್ಟು. ಬನ್ನು ನಾವು ವಾರವೆಲ್ಲ ತಿಂದೆವು.

ಇನ್ನು ಪರೀಕ್ಷೆಯ ಕಥೆ. ಮದ್ದೂರಿನ ಕಂಟ್ರಾಕ್ಟರ ಹತ್ತಿರ ಹಳೇ ಟೂ ಸ್ಟ್ರೋಕು ಮೋಟಾರಿತ್ತು. ನೀರು ತುಂಬಿದ ಡ್ರಮ್ಮಿನ ಅಂಚಿಗೆ ಅದನ್ನು ಬಿಗಿದು ದಾರ ಎಳೆದರು. ಡಬಡಬಡಬ! ಹೊಗೆಗೆ ಪಕ್ಕದ ಹೋಟೆಲಿನ ವಡೆ ಕರಿಯುವವನೂ ಕೆಮ್ಮಿದ. ದೊಡ್ಡಪ್ಪ ಡ್ರಮ್ಮಿನ ಪಕ್ಕ ಸ್ಟೂಲು ಹಾಕಿಕೊಂಡು ಕೂತು, ಬಲಗಿವಿ ನನ್ನ ಕಡೆ ತಿರುಗಿಸಿ ಸನ್ನೆ ಮಾಡಿದ. "ಏನಾರಾ ಅನ್ಲಾ. ಮೆತ್ತಗೆ."

"ಏನನ್ನಲಿ?"

"ಏನಾರಾ ಅನ್ನು. ಕೂಗ್ಬ್ಯಾಡ, ಮೆತ್ತಗೆ."

ಬೀದಿ ಬದಿಯಲ್ಲಿ ನಿಂತು, ಮೋಟಾರಿನ ಪಕ್ಕ, ಕಿವುಡನೊಬ್ಬನ ಕಿವಿಯಲ್ಲಿ ಪಿಸುಗುಟ್ಟುವ ನನ್ನ ಪಾಡು ನೋಡಿ! ಪಾಲಿಸಿ ಮಾಡಿಸಬೇಕಾದ ಗಿರಾಕಿಯೊಬ್ಬರು ಅದೇ ಹೊತ್ತಿಗೆ ಎದುರಿಗೆ ಬಂದು, ನನ್ನನ್ನು ನೋಡಿ ರಸ್ತೆ ದಾಟಿಕೊಂಡು ಹೋದರು. ಮತ್ತೆ ಸಿಗಲಿಲ್ಲ. ನಾನು ಪಿಸುಗುಟ್ಟಿದ್ದೇ ಬಂತು, ದೊಡ್ಡಪ್ಪ ತಲೆಯಾಡಿಸಿದ. "ಕೇಳಿಸ್ನಿಲ್ಲ. ಬುಡು, ಇದಾಗಕಿಲ್ಲ."

ಮಳವಳ್ಳಿಯಲ್ಲಿ ಅದೇ ರೆಸಾರ್ಟಿನ ಫೋರ್ ಸ್ಟ್ರೋಕು ಮೋಟಾರು ಒಬ್ಬರ ಗೋದಾಮಿನಲ್ಲಿತ್ತು. ಮತ್ತೆ ಡ್ರಮ್ಮು, ಮತ್ತೆ ಸ್ಟೂಲು, ಮತ್ತೆ ಬಲಗಿವಿ. ಮೋಟಾರು ಶುರುವಾಯಿತೋ ಇಲ್ಲವೋ ಅನ್ನುವಷ್ಟು ಮೆತ್ತಗೆ ಗುರುಗುಟ್ಟಿತು. ನನಗೋ ಬಿಸಿಲಿಗೆ ತಲೆ ಕಾದಿತ್ತು. ಹೇಗೂ ಕೇಳಿಸುವುದಿಲ್ಲ ಅನ್ನುವ ಧೈರ್ಯದಲ್ಲಿ, "ಈ ಮುದುಕನ ಸಹವಾಸ ಸಾಕಪ್ಪ ದೇವರೇ" ಅಂದೆ.

"ಕೇಳಿಸ್ತು ಕಣ್ಲಾ" ಅಂದ ದೊಡ್ಡಪ್ಪ, ಮುಖ ಅರಳಿಸಿಕೊಂಡು. "ಸಾಕಾಗಿದ್ರೆ ಬಸ್ಸಿಗೆ ಓಗು. ನಾನು ಸ್ಕೂಟರ್ ತಳ್ಕೊಂಡು ಬತ್ತೀನಿ."

ಬೈಸಿಕೊಂಡು ಅಷ್ಟು ಖುಷಿಪಟ್ಟ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ! ಸದ್ಯ, ಮುಗಿಯಿತು ಅಂದುಕೊಂಡೆ. ಎಲ್ಲಿ ಮುಗಿಯುತ್ತೆ? ಮೋಟಾರನ್ನು ಎತ್ತಿ ನೋಡಿದ, ಏಳಲಿಲ್ಲ. ಇನ್ನೊಬ್ಬರ ಕೈಯಲ್ಲಿ ಎತ್ತಿಸುವುದಕ್ಕೆ ಮನಸ್ಸೂ ಬರಲಿಲ್ಲ. "ನನ್ನೆಂಡ್ತಿನ ನಾನೇ ಕರ್ಕೊಂಡೋಗ್ಬೇಕು, ಅದ್ಕೂ ಆಳು ಕರೀಲಾ?" ಅಂದ. ಮನೆಗೆ ಬಂದು ದಿನಾ ಬೆಳಿಗ್ಗೆ ಬೆಲ್ಲದ ಮೂಟೆ ಎತ್ತಿ ಇಳಿಸಿ ರಟ್ಟೆ ಪಳಗಿಸತೊಡಗಿದ. ಆ ವಯಸ್ಸಿನಲ್ಲಿ! ಸೊಂಟ ಹಿಡಿದುಕೊಂಡಿತು. ಆಗ ಮತ್ತೆ ಟೂ ಸ್ಟ್ರೋಕೇ ವಾಸಿಯೇನೋ ಅಂದ. ಸೊಂಟ ಬಿಟ್ಟಿತು. ಮತ್ತೆ ಫೋರ್ ಸ್ಟ್ರೋಕು. ಮಂಚದ ಮೇಲಿಂದ ದೊಡ್ಡಮ್ಮ ದಿನಾ ಕೇಳುತ್ತಿದ್ದಳು, "ಒಳೇಲಿ ನೀರದಾ?" ನೀರಿತ್ತು. ಎರಡು ಸಲ ತುಂಬಿ ಎರಡು ಸಲ ಇಳಿದಿತ್ತು. ನಮ್ಮ ಹತ್ತಿರ ಇಲ್ಲದ್ದು ಮೋಟಾರು ಮಾತ್ರ.

ಅಷ್ಟರಲ್ಲಿ ದೊಡ್ಡಮ್ಮನಿಗೆ ಎರಡನೇ ಸ್ಟ್ರೋಕ್ ಆಯಿತು.

ಈ ಸಲ ಬಂದ ನೆಂಟರಲ್ಲಿ ಯಾರಿಗೂ ಗೊಂದಲವಿರಲಿಲ್ಲ. ಉಳಿದಿದ್ದ ಪಿಸುಮಾತೂ ಹೋಯಿತು. ಕಣ್ಣು ತೆರೆಯುತ್ತಾಳೆ, ನೋಡುತ್ತಾಳೆ, ಅಷ್ಟೇ. ಡಾಕ್ಟರು ಈ ಬಾರಿ ಏನೂ ಎಚ್ಚರಿಸಲಿಲ್ಲ. "ಮನೇಲಿ ಚೆನ್ನಾಗಿ ನೋಡ್ಕೊಳ್ಳಿ, ಅವರಿಗೆ ಏನಿಷ್ಟವೋ ಅದು ಮಾಡಿ" ಅಂದರು. ಡಾಕ್ಟರು ಎಚ್ಚರಿಸುವುದನ್ನು ನಿಲ್ಲಿಸಿದರೆ ಏನರ್ಥ ಅಂತ ವಿಮೆ ಏಜೆಂಟಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನನಗೆ ಅಳುವೂ ಬಂತು, ಅದಕ್ಕಿಂತ ಹೆಚ್ಚಾಗಿ ದೊಡ್ಡಪ್ಪನ ಮೇಲೆ ಸಿಟ್ಟು ಬಂತು.

ಅದೇ ವಾರ ದೊಡ್ಡಪ್ಪ ಒಬ್ಬನೇ ಮಳವಳ್ಳಿಗೆ ಹೋಗಿ, ಗೂಡ್ಸ್ ಆಟೋದಲ್ಲಿ ಫೋರ್ ಸ್ಟ್ರೋಕು ಮೋಟಾರು ಹಾಕಿಸಿಕೊಂಡು ಬಂದ. ಕೋಳಿ ಓಡಿಸಿ ದೋಣಿ ತೊಳೆದ. ಮೋಟಾರನ್ನು ಎತ್ತುವುದಕ್ಕೆ ನನ್ನನ್ನೂ ಆಟೋದವನನ್ನೂ ಬಾಯಿಬಿಟ್ಟು ಕರೆದ.

ಕಡವಿನಲ್ಲಿ ಬೆಳಗಿನ ಹೊತ್ತು. ದೋಣಿಯೊಳಗೆ ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ಹಗ್ಗದಲ್ಲಿ ಬಿಗಿದು, ದೊಡ್ಡಮ್ಮನನ್ನು ಅದರಲ್ಲಿ ಕೂರಿಸಿ, ಜಾರದಂತೆ ಸೊಂಟಕ್ಕೊಂದು ಪಂಚೆ ಕಟ್ಟಿದೆವು. ಕುರ್ಚಿಯನ್ನು ನಡುವೆ ಇಡು ಅಂದರೆ ದೊಡ್ಡಪ್ಪ ಕೇಳಲಿಲ್ಲ. ಹಿಂದೆ ಮೋಟಾರು ಹಿಡಿದು ತಾನು, ತನ್ನ ಬಲಕ್ಕೆ ಅವಳು. ದೋಣಿ ಬಲಕ್ಕೆ ವಾಲಿತು.

"ಮುಳುಗ್ತದೆ ದೊಡ್ಡಪ್ಪ, ಕುರ್ಚಿ ನಡುವಕ್ಕೆ ಇಡು."

"ಎಡಗಡೆ ತೂಕಕ್ಕೆ ನೀನಿದ್ದೀಯಲ್ಲ, ಕೂತ್ಕೊ" ಅಂದ. ಸದ್ಯ, ನನ್ನನ್ನು ಯಾಕೆ ಕರೆದುಕೊಂಡು ಬಂದಿದ್ದ ಅಂತ ಗೊತ್ತಾಯಿತು! ಕಲ್ಲು ಸಿಕ್ಕಿದ್ದರೆ ನಾನೂ ಬೇಕಿರಲಿಲ್ಲ.

ದೋಣಿ ಹೊರಟಿತು. ನೀರಿನ ಮೇಲೆ ಮೋಟಾರಿನ ಸದ್ದು ಬೆಕ್ಕು ನಿದ್ದೆಯಲ್ಲಿ ಗುರುಗುಟ್ಟುವಷ್ಟೇ. ದೊಡ್ಡಮ್ಮನ ಬಲಗೈ ದೋಣಿಯ ಅಂಚಿನ ಮೇಲಿತ್ತು, ನೀರು ಬೆರಳಿಗೆ ತಾಗುತ್ತಿತ್ತು. ಅವಳು ಆ ದಡವನ್ನೇ ನೋಡುತ್ತಿದ್ದಳು. ಅಷ್ಟು ದಿನ ಕಟ್ಟಿಕೊಂಡಿದ್ದ ಸಿಟ್ಟು ಗಟ್ಟಿಯಾಗಿಯೇ ನನ್ನ ಬಾಯಿಗೆ ಬಂತು.

"ಈ ಕೆಲಸ ಹೋದ ವರ್ಷವೇ ಮಾಡಬಹುದಿತ್ತು ದೊಡ್ಡಪ್ಪ. ಆ ಟೂ ಸ್ಟ್ರೋಕೇ ತಗೊಂಡಿದ್ರೆ ಏನು ಗಂಟು ಹೋಗ್ತಿತ್ತು?"

ದೊಡ್ಡಪ್ಪ ನೀರು ನೋಡುತ್ತಲೇ ಹೇಳಿದ. "ಅವ್ಳ ದನಿ ಅಷ್ಟೊಂದು ಮೆತ್ತಗಾಗಿತ್ತಲ್ಲ ಕಣ್ಲಾ. ಅದು ಡಬಡಬ ಅಂದ್ರೆ ನಂಗೆಲ್ಲಿ ಕೇಳಿಸ್ತದೆ? ಒಳೆ ಮೇಲೆ ಅವ್ರೂರ್ ಕಾಣ್ತಿದ್ದಂಗೆ ಏನಾರಾ ಅಂತಾಳೆ. ಅವ್ಳು ಅಂದು, ನಾನು 'ಆಂ' ಅಂದು, ಪುನಾ ಅವ್ಳು ಕಷ್ಟಪಟ್ಟು ಅನ್ಬೇಕಾ?"

ಡ್ರಮ್ಮು, ಸ್ಟೂಲು, 'ಮೆತ್ತಗೆ ಅನ್ಲಾ' ಎಲ್ಲ ಒಟ್ಟಿಗೆ ನೆನಪಾಯಿತು. ಆದರೂ ಮಾತೇ ಹೊಟ್ಟೆಪಾಡಾದವನ ನಾಲಿಗೆ ಸುಮ್ಮನಿರುತ್ತದೆಯೇ?

"ಈಗ ದೊಡ್ಡಮ್ಮಂಗೆ ಮಾತೇ ಇಲ್ವಲ್ಲ ದೊಡ್ಡಪ್ಪ. ಈಗ ಯಾವ ಮೋಟಾರಾದ್ರೆ ಏನು? ಇಷ್ಟು ಭಾರದ್ದನ್ನ ಯಾಕೆ ತಂದೆ?"

ದೊಡ್ಡಪ್ಪ ಮೋಟಾರಿನ ಸದ್ದನ್ನು ಇನ್ನೂ ಸ್ವಲ್ಪ ತಗ್ಗಿಸಿದ. ಬಲಗಿವಿ ಅವಳ ಕಡೆಗೆ ಬಾಗಿತ್ತು.

"ಮಾತಾಡ್ಬುಟ್ರೆ?" ಅಂದ.

ಎಡಗಡೆಯ ತೂಕ ಬಿಡದೆ ನಾನೂ ನನ್ನ ಕಿವಿಯನ್ನು ಅವಳ ಕಡೆಗೆ ತಿರುಗಿಸಿ ಕೂತೆ.